ತೂತು ಬೇಡದ ಜಾಗ

ಕುಣಿಗಲ್
2-3-1998

ಜಮಾಲಕ್ಕನಿಗೆ ಶಶಿರೇಖಾಳ ನಮಸ್ಕಾರಗಳು.

ಏಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ಗುಬ್ಬಿಯಲ್ಲಿ ನಿಮ್ಮ ಹೆಣಿಗೆ ಕ್ಲಾಸಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ ಶಶಿ ಎಂದರೆ ನೆನಪಾಗಬಹುದು. ನೀವು ಮಗನ ಜೊತೆ ತುಮಕೂರಿಗೆ ಹೋದದ್ದು ಅಮ್ಮನಿಂದ ತಿಳಿಯಿತು. ವಿಳಾಸವನ್ನೂ ಅವಳೇ ಕೊಟ್ಟಳು.

ನಾನು ಈಗ ಇಲ್ಲಿ ಒಂದು ಸಣ್ಣ ಶಾಲೆಯಲ್ಲಿ ಎರಡನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ನಮ್ಮ ಯಜಮಾನರು ಹನುಮಂತರಾಜು ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ಒಬ್ಬಳೇ ಮಗಳು, ಸ್ವರ್ಣಲತಾ, ಐದು ವರ್ಷ. ಅತ್ತೆಯವರೂ ಜೊತೆಗಿದ್ದಾರೆ.

ನನಗೆ ಒಂದು ಜೊತೆ ಕೈಗವಸು ಬೇಕಾಗಿದೆ. ಚಾಕ್‌ಪೀಸಿನ ಪುಡಿಯಿಂದ ಕೈಗೆ ಅಲರ್ಜಿಯಾಗುತ್ತಿದೆ. ಬೆರಳುಗಳು ಹೊರಗೆ ಇರಬೇಕು, ಬರೆಯಬೇಕಲ್ಲ. ದಪ್ಪ ಉಲ್ಲನ್ ಆದರೆ ಸೆಕೆ, ಬ್ಯಾಂಡೇಜಿನಂತೆಯೂ ಕಾಣುತ್ತದೆ. ಆದ್ದರಿಂದ ಕಾಟನ್ ದಾರದಲ್ಲಿ, ಜಾಲರಿಯ ಹೂವು ಬರುವಂತೆ ಹೆಣೆಯಿರಿ. ಬಣ್ಣ ಬಿಸ್ಕತ್ತಿನದು ಇರಲಿ. ಒಂದು ಮಾತು ಮಾತ್ರ. ಕೈಯ ಹಿಂಭಾಗದಲ್ಲಿ ಕಿರುಬೆರಳಿನ ಕೆಳಗೆ ರೂಪಾಯಿ ಅಗಲದ ಒಂದು ಜಾಗದಲ್ಲಿ ತೂತು ಬರಬಾರದು. ಅಲ್ಲಿ ಹೆಣಿಗೆ ಒತ್ತಾಗಿರಲಿ. ಎರಡು ಕೈಗೂ ಹಾಗೆಯೇ ಇರಲಿ. ಅಳತೆಗೆ, ನೀವು ಕಲಿಸಿದಂತೆಯೇ, ಕೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಸಿ ಕಳಿಸಿದ್ದೇನೆ. ಬಲಗೈಯ ಗೆರೆ ಎಳೆದವಳು ಸ್ವರ್ಣ. ಬೇಡದ ಜಾಗಕ್ಕೆ ಸುತ್ತು ಹಾಕಿದ್ದೇನೆ.

ದಯವಿಟ್ಟು ಕಾರ್ಡಿನಲ್ಲಿ ಬರೆಯಬೇಡಿ, ಕವರಿನಲ್ಲಿ ಬರೆಯಿರಿ. ಮನೆಗೆ ಬೇಡ, ಕೆಳಗಿರುವ ಶಾಲೆಯ ವಿಳಾಸಕ್ಕೆ ಕಳಿಸಿ.

ನಿಮ್ಮ ವಿದ್ಯಾರ್ಥಿನಿ,
ಶಶಿ


ತುಮಕೂರು
11-3-1998

ಪ್ರೀತಿಯ ಶಶಿರೇಖಾ,

ನೆನಪಿಲ್ಲದೆ ಏನು? ನನ್ನ ಕ್ಲಾಸಿನಲ್ಲಿ ದಾರದ ಬಿಗಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಸಮ ಇರುತ್ತಿದ್ದದ್ದು ಇಬ್ಬರದು. ಒಬ್ಬಳು ನೀನು.

ಗವಸು ಇದರೊಂದಿಗಿದೆ. ಮಣಿಕಟ್ಟಿನಲ್ಲಿ ಎರಡು ಕುಣಿಕೆ ಸೀದಾ ಎರಡು ಕುಣಿಕೆ ಉಲ್ಟಾ ಹಾಕಿ ಬಿಗಿ ಮಾಡಿದ್ದೇನೆ, ಜಾರುವುದಿಲ್ಲ. ಮೇಲೆ ಎಲೆಯ ಆಕಾರದ ಹೂವು. ದಾರ ಮುಂದೆ ತಂದು ಒಂದು ತೂತು ಮಾಡಿದರೆ, ಪಕ್ಕದಲ್ಲಿ ಎರಡು ಕುಣಿಕೆ ಸೇರಿಸಿ ಒಂದು ಮಾಡಬೇಕು, ಇಲ್ಲದಿದ್ದರೆ ಅಗಲವಾಗುತ್ತಾ ಹೋಗುತ್ತದೆ. ನಿನಗೆ ಗೊತ್ತಿರುವುದೇ. ನೀನು ಹೇಳಿದ ಜಾಗದಲ್ಲಿ ತೂತಿಲ್ಲ. ಆದರೆ ಎಲೆಯ ತುದಿ ಅಲ್ಲೇ ಮುಗಿಯಬೇಕಿತ್ತು. ಹೂವು ಅರ್ಧಕ್ಕೆ ನಿಂತ ಹಾಗೆ ಕಾಣುತ್ತದೆ.

ಎರಡು ವಿಷಯ ನನಗೆ ಅರ್ಥವಾಗಲಿಲ್ಲ. ಚಾಕ್‌ಪೀಸಿನ ಪುಡಿ ಹತ್ತುವುದು ಬೆರಳಿಗೆ. ನೀನು ಬೆರಳು ಬಿಟ್ಟು ಕೈಯ ಹಿಂಭಾಗ ಮುಚ್ಚಲು ಹೇಳಿದ್ದೀ. ಇನ್ನೊಂದು, ಇಷ್ಟು ಸಣ್ಣ ಕೆಲಸವನ್ನು ನೀನೇ ನಾಲ್ಕು ಸಂಜೆಯಲ್ಲಿ ಮುಗಿಸುತ್ತಿದ್ದೆ. ಹೆಣಿಗೆ ಬಿಟ್ಟೆಯಾ?

ನಿನ್ನ ಮದುವೆಗೆ ಒಂದು ಶಾಲು ಕಳಿಸಿದ್ದೆ. ತಲುಪಿತೋ ಇಲ್ಲವೋ ಗೊತ್ತಾಗಲಿಲ್ಲ.

ಮಗ ನವೀದ್‌ಗೆ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಕಳೆದ ವರ್ಷ ಅವನ ಮದುವೆಯಾಯಿತು. ಸೊಸೆ ಅರ್ಜೂ ಚೇಳೂರಿನವಳು, ಪಿಯುಸಿ ಓದಿದ್ದಾಳೆ, ನನಗಿಂತ ಚೆನ್ನಾಗಿ ಕನ್ನಡ ಬರೆಯುತ್ತಾಳೆ. ಗಲ್ಲಿಯ ಹುಡುಗಿಯರು ಸಂಜೆ ಕಲಿಯಲು ಬರುತ್ತಾರೆ. ಹೀಗೆ ನಡೆದಿದೆ.

ಒಳ್ಳೆಯದಾಗಲಿ,
ಜಮಾಲುನ್ನೀಸಾ


ಕುಣಿಗಲ್
24-3-1998

ಜಮಾಲಕ್ಕ,

ಗವಸು ತಲುಪಿತು. ಅಳತೆ ಸರಿಯಾಗಿದೆ.

ಶಾಲು ಆಗಲೇ ಸಿಕ್ಕಿತ್ತು. ಮದುವೆಗೆ ಯಾರನ್ನು ಕರೆಯಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ. ನಂತರ ಬರೆಯಲು ನಾಚಿಕೆಯಾಯಿತು. ನಾಚಿಕೆ ಹಳೆಯದಾದಷ್ಟೂ ಬರೆಯುವುದು ಕಷ್ಟವಾಯಿತು.

ಗವಸನ್ನು ಎಲ್ಲರೂ ಮೆಚ್ಚಿದರು. ಅದು ನಾನು ಯೋಚಿಸದ ತೊಂದರೆ. ಮೊದಲ ದಿನವೇ ಅತ್ತೆ ನಿಂಗಮ್ಮನವರು, "ಇಸ್ಕೂಲಿಗೆ ಹೋಗೋಳ್ಗೆ ಇದೇನವ್ವ ಸಿಂಗಾರ, ನಾಟ್ಕದಲ್ಲಿ ಪಾರ್ಟು ಕೊಟ್ಟವ್ರಾ?" ಎಂದರು. ಶಾಲೆಯಲ್ಲಿ ಶಕುಂತಲಮ್ಮ ಎಂಬ ಟೀಚರ್ ನನ್ನ ಪಕ್ಕದಲ್ಲೇ ಊಟಕ್ಕೆ ಕೂರುತ್ತಾರೆ. ತಮಗೂ ಅಂಥದು ಬೇಕೆಂದು ದಿನಾ ಕೇಳುತ್ತಾರೆ. ನಿನ್ನೆ ನಾನು ಹಾಜರಿ ಹಾಕುತ್ತಿದ್ದಾಗ ಹಿಂದಿನಿಂದ ಬಂದು, ಹೇಗೆ ಹೆಣೆದಿದೆ ನೋಡುತ್ತೇನೆಂದು ಬಲಗೈಯ ಗವಸನ್ನು ಹಿಡಿದು ಎಳೆದರು. ಅರ್ಧ ಬಂತು. ನಾನು ಕೈಯನ್ನು ಕಿತ್ತುಕೊಂಡ ರೀತಿಗೆ ಅವರಿಗೆ ಬೇಸರವಾಗಿರಬೇಕು. ಇವತ್ತು ಬೇರೆ ಕಡೆ ಕೂತರು.

ಕೈಯ ಹಿಂಭಾಗಕ್ಕೂ ಪುಡಿ ಬೀಳುತ್ತದೆ. ಹೆಣಿಗೆಗೆ ಸಮಯ ಸಿಗುವುದಿಲ್ಲ. ಇದಕ್ಕಿಂತ ಬೇರೆ ಕಾರಣವಿಲ್ಲ.

ಶಶಿ


ಕುಣಿಗಲ್
7-6-1998

ಜಮಾಲಕ್ಕ,

ಶಾಲೆ ಶುರುವಾಗಿದೆ. ಇನ್ನೊಂದು ಜೊತೆ ಬೇಕು. ಹಳೆಯದು ಒಗೆದು ಒಗೆದು ಚಿಕ್ಕದಾಯಿತು. ಹೊಸದಾಗಿ ಗೆರೆ ಎಳೆಸಿ ಕಳಿಸುತ್ತಿದ್ದೇನೆ. ತೂತು ಬೇಡದ ಜಾಗಕ್ಕೆ ಈ ಸಲವೂ ಸುತ್ತು ಹಾಕಿದ್ದೇನೆ, ನೋಡಿಕೊಳ್ಳಿ. ಬೇಗ ಕಳಿಸಿದರೆ ಉಪಕಾರವಾಗುತ್ತದೆ.

ಶಶಿ


ತುಮಕೂರು
12-6-1998

ಶಶಿರೇಖಾ,

ಈ ಸಲ ಗವಸು ಕಳಿಸುತ್ತಿಲ್ಲ. ಮೊದಲು ಇದನ್ನು ಓದು.

ಅಳತೆಯ ಕಾಗದಗಳನ್ನು ನಾನು ಎಸೆಯುವುದಿಲ್ಲ. ನಿನ್ನ ಮಾರ್ಚಿನ ಕೈ ನನ್ನ ಹತ್ತಿರ ಇದೆ. ಅದರ ಮೇಲೆ ಜೂನಿನ ಕೈಯನ್ನು ಇಟ್ಟು, ಎರಡನ್ನೂ ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮಣಿಕಟ್ಟು ಎಲ್ಲ ಒಂದರ ಮೇಲೊಂದು ಕೂತವು. ಬಲಗೈಯ ಕಿರುಬೆರಳು ಮಾತ್ರ ಅರ್ಧ ಅಂಗುಲ ಗಿಡ್ಡವಾಗಿದೆ. ಮಗು ತಪ್ಪು ಎಳೆದಿರಬಹುದು ಎಂದುಕೊಂಡೆ. ಆದರೆ ಅವಳು ಉಳಿದ ನಾಲ್ಕನ್ನು ತಪ್ಪಿಲ್ಲದೆ ಎಳೆದಿದ್ದಾಳೆ. ಬೆಳೆದವರ ಬೆರಳು ಗಿಡ್ಡವಾಗುವುದಿಲ್ಲ. ಮಡಿಸಿದ್ದರೆ ಮಾತ್ರ ಹಾಗೆ ಬರುತ್ತದೆ. ಅಳತೆ ಕೊಡುವಾಗ ಕೈಯನ್ನು ಚಪ್ಪಟೆಯಾಗಿ ಇಡಬೇಕೆಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಹಾಗಾದರೆ ನೀನು ಇಟ್ಟರೂ ಅದು ಚಪ್ಪಟೆಯಾಗಲಿಲ್ಲ.

ತೂತು ಬೇಡದ ಜಾಗ ಮಾರ್ಚಿನಲ್ಲಿ ಒಂದು ರೂಪಾಯಿ ಅಗಲ ಇತ್ತು. ಈಗ ಮೂರು ಬೆರಳು ಅಗಲವಿದೆ, ಮಣಿಕಟ್ಟಿನ ಕಡೆ ಇಳಿದಿದೆ.

ನಾವು ದಾರವನ್ನು ಸುತ್ತಿಕೊಳ್ಳುವುದು ಬಲಗೈಯ ಕಿರುಬೆರಳಿಗೆ. ಬಿಗಿ ಗೊತ್ತಾಗುವುದು ಅಲ್ಲಿಂದಲೇ. ಆ ಬೆರಳಿಗೆ ದಾರ ತಿಳಿಯದಿದ್ದರೆ ಹೆಣೆಯಲು ಆಗುವುದಿಲ್ಲ. ನೀನು ಹೆಣಿಗೆ ಬಿಟ್ಟದ್ದು ಅದಕ್ಕೇನಾ?

ಒಂದು ಕೆಲಸ ಮಾಡು. ಕಣ್ಣು ಮುಚ್ಚಿಕೋ. ಯಾರಿಂದಾದರೂ ಹೆಣಿಗೆ ಕಡ್ಡಿಯ ತುದಿಯನ್ನು ಆ ಜಾಗಕ್ಕೆ ಮುಟ್ಟಿಸು. ಮುಟ್ಟಿದ್ದು ಗೊತ್ತಾಯಿತೇ ಇಲ್ಲವೇ, ಅಷ್ಟು ಬರೆ. ಬೇರೆ ಏನನ್ನೂ ಬರೆಯಬೇಕಾಗಿಲ್ಲ.

ಜಮಾಲುನ್ನೀಸಾ


ಕುಣಿಗಲ್
21-6-1998

ಜಮಾಲಕ್ಕ,

ಗೊತ್ತಾಗಲಿಲ್ಲ.

ಸ್ವರ್ಣಳಿಗೆ ಆಟವೆಂದು ಹೇಳಿದೆ. ಮುಟ್ಟಿದಾಗ ನಾನು "ಹೂಂ" ಅನ್ನಬೇಕು ಎಂಬುದು ಆಟ. ಅಂಗೈಗೆ, ಹೆಬ್ಬೆರಳಿಗೆ ಮುಟ್ಟಿಸಿದಾಗ ಅಂದೆ. ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ಅವಳು ಆಟ ಬಿಟ್ಟು ಹೋದಳೇನೋ ಎಂದು ಕಣ್ಣು ಬಿಟ್ಟರೆ, ಕಡ್ಡಿಯನ್ನು ಅಲ್ಲಿ ಒತ್ತಿಕೊಂಡು ಕೂತಿದ್ದಳು. "ಅಮ್ಮ, ನೀನು ಸೋತೆ" ಎಂದಳು.

ಇದು ನನಗೆ ಜನವರಿಯಿಂದ ಗೊತ್ತು. ಬಾಣಲೆಯ ಅಂಚಿಗೆ ಕೈ ತಾಗಿ ಚರ್ಮ ಸುಲಿದಿತ್ತು. ನನಗೆ ತಿಳಿದದ್ದು ವಾಸನೆಯಿಂದ. ಅಲ್ಲಿ ಚರ್ಮವೂ ಬಿಳಿಚಿದೆ, ಮನೆಯಲ್ಲಿ ಅದನ್ನು ಚಿಬ್ಬು ಎಂದು ಹೇಳಿದ್ದೇನೆ. ಅತ್ತೆ ಅದಕ್ಕೆ ಏನೇನೋ ಎಲೆ ಅರೆದು ಹಚ್ಚುತ್ತಾರೆ. ಹಚ್ಚುವಾಗ ಉರಿಯುತ್ತದೆಯೇ ಎಂದು ಕೇಳುತ್ತಾರೆ. ಉರಿಯುತ್ತದೆ ಎನ್ನುತ್ತೇನೆ.

ನನ್ನ ಅಜ್ಜಿಯ ತಂಗಿ ಹಾಗಲವಾಡಿಯಲ್ಲಿದ್ದರು. ಅವರ ತಟ್ಟೆ ಹೊರಗೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ನಾವು ಮಕ್ಕಳು ಹೋದಾಗ ಅವರು ದನದ ಕೊಟ್ಟಿಗೆಯ ಒಳಗಿನಿಂದಲೇ ಮಾತನಾಡಿಸುತ್ತಿದ್ದರು. ಅವರ ಮುಖ ನನಗೆ ನೆನಪಿಲ್ಲ, ನೋಡಿಯೇ ಇಲ್ಲವೇನೋ. ಅವರು ಸತ್ತ ಮೇಲೆ ಅವರ ಹೆಣ್ಣುಮಕ್ಕಳನ್ನು ಯಾರೂ ಮಾಡಿಕೊಳ್ಳಲಿಲ್ಲ. ಮನೆಯಲ್ಲಿ ಅದನ್ನು ದೊಡ್ಡ ರೋಗ ಎನ್ನುತ್ತಿದ್ದರು. ಆ ಹೆಸರನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ಇವರಿಗೆ ತಿಳಿದರೆ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಕಾರ್ಯದರ್ಶಿಯ ಹೆಂಡತಿಗೆ ಹೀಗೆ ಎಂದರೆ ಆ ಡೇರಿಗೆ ಯಾರು ಹಾಲು ಹಾಕುತ್ತಾರೆ? ನನ್ನ ಕ್ಲಾಸಿಗೆ ಯಾರು ಮಕ್ಕಳನ್ನು ಕಳಿಸುತ್ತಾರೆ? ಇಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ಇವರ ಸೋದರಮಾವ ಪುಟ್ಟರಂಗಯ್ಯನವರು.

ಮೇ ರಜೆಯಲ್ಲಿ ಒಂದು ಮಧ್ಯಾಹ್ನ ಸ್ವರ್ಣ ನನ್ನ ಗವಸು ಹಾಕಿಕೊಂಡು ಮಲಗಿದ್ದಳು. ಮೊಣಕೈವರೆಗೆ ಬಂದಿತ್ತು, ಕೆನ್ನೆಯ ಕೆಳಗೆ ಕೈ ಇಟ್ಟುಕೊಂಡಿದ್ದಳು. ಎಬ್ಬಿಸಿ ಹೊಡೆದೆ. ಇದುವರೆಗೆ ಅವಳನ್ನು ಹೊಡೆದವಳಲ್ಲ. ಡೆಟ್ಟಾಲ್ ನೀರಿನಲ್ಲಿ ಅವಳ ಕೈ ಮುಖ ತೊಳೆದೆ. ಗವಸನ್ನು ಕುದಿಸಿದೆ. ಚಿಕ್ಕದಾದದ್ದು ಹಾಗೆ. ಅವಳು ನನ್ನ ಪಕ್ಕದಲ್ಲೇ ಮಲಗುವವಳು. ಬೇರೆ ಮಲಗಿಸಿದರೆ ಏಕೆಂದು ಕೇಳುತ್ತಾರೆ.

ಈ ಪತ್ರವನ್ನು ಸುಟ್ಟುಬಿಡಿ.

ಶಶಿ


ತುಮಕೂರು
30-6-1998

ಶಶಿ,

ಒಂದು ನಿಜ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ಬರೆಯಲು ಆಗುವುದಿಲ್ಲ. ನಿನ್ನ ಪತ್ರ ಓದಿ ಮುಗಿಸಿ ಕೈ ತೊಳೆದುಕೊಂಡೆ. ಸೋಪು ಹಾಕಿ ಎರಡು ಸಲ ತೊಳೆದೆ. ಆಮೇಲೆ ಯಾರೂ ಬಿಚ್ಚದಂತೆ ನೀನು ಲಕೋಟೆಗೆ ಹಾಕಿದ್ದ ಹೊಲಿಗೆಯ ದಾರವನ್ನು ಕಡ್ಡಿಯಲ್ಲಿ ಎತ್ತಿ ಒಲೆಗೆ ಹಾಕಿದೆ. ಎರಡು ದಿನ ನನಗೆ ನನ್ನ ಮೇಲೆ ಅಸಹ್ಯವಾಯಿತು. ಮೂರನೆಯ ದಿನ ಆಸ್ಪತ್ರೆಗೆ ಹೋದೆ.

ಅಲ್ಲಿ ಹಿಂದುಗಡೆ ಒಂದು ಕೋಣೆ ಇದೆ. ಬಾಗಿಲ ಮೇಲೆ ಆ ಹೆಸರು ದೊಡ್ಡದಾಗಿ ಬರೆದಿದೆ: ಕುಷ್ಠ. ನಾನು ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ನೀನು ಒಂದು ದಿನ ಆ ಬಾಗಿಲನ್ನು ಹುಡುಕಬೇಕಾಗುತ್ತದೆ. ಸದಾಶಿವಯ್ಯ ಎನ್ನುವವರು ಕೂತಿದ್ದರು. ನನಗೇ ಹೀಗಾಗಿದೆ ಎಂದೆ. ಅವರು ನನ್ನ ಎರಡೂ ಕೈಗಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು, ಏನೂ ಹಾಕಿಕೊಳ್ಳದೆ, ಬರಿಗೈಯಲ್ಲಿ. "ನಿಂಗೇನೂ ಇಲ್ಲ ತಾಯಿ. ಯಾರಿಗಾಗಿದೆ ಹೇಳು" ಎಂದರು. ನಾನು ಅತ್ತುಬಿಟ್ಟೆ.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಇದು ಶಾಪ ಅಲ್ಲ, ಹುಳ. ಮಾತ್ರೆ ಶುರು ಮಾಡಿದ ಮೇಲೆ ಒಬ್ಬರಿಂದ ಒಬ್ಬರಿಗೆ ಹೋಗಲ್ಲ. ಆರು ತಿಂಗಳು ತಿಂದ್ರೆ ಮುಗೀತು. ಆದ್ರೆ ಬೆರಳು ಬಗ್ಗಿದೆ ಅಂತೀಯಲ್ಲ, ಅದು ಕಾಯಲ್ಲ. ಬಗ್ಗಿ ಆರು ತಿಂಗಳೊಳಗೆ ಬಂದ್ರೆ ನರಕ್ಕೆ ಬೇರೆ ಮಾತ್ರೆ ಕೊಟ್ಟು ಬಿಡಿಸಬಹುದು. ತಡ ಆದ್ರೆ ಹಾಗೇ ನಿಂತೋಗ್ತದೆ. ಆಮೇಲೆ ಪಕ್ಕದ್ದು."

ಮಾರ್ಚಿನ ಕಾಗದದಲ್ಲಿ ಬೆರಳು ನೇರವಾಗಿದೆ. ಹಾಗಾದರೆ ಇನ್ನೂ ದಿನವಿದೆ. ಆದರೆ ಬಹಳ ಇಲ್ಲ.

ನಾನು ಒಂದು ಉಪಾಯ ಮಾಡಿದ್ದೇನೆ. ನೀನು ಬಸ್ಸಿಳಿದು ನೇರ ನನ್ನ ಮನೆಗೆ ಬಾ. ನನ್ನ ಬುರ್ಖಾ ಹಾಕಿಕೊಂಡು ನನ್ನ ಜೊತೆ ಆಸ್ಪತ್ರೆಗೆ ಹೋಗೋಣ. ಅಲ್ಲಿ ನೀನು ನನ್ನ ತಂಗಿ ಮಹಬೂಬ್‌ಬೀ. ವಿಳಾಸ ನನ್ನದು. ಕುಣಿಗಲ್ ಎಂಬ ಮಾತೇ ಎಲ್ಲೂ ಬರುವುದಿಲ್ಲ. ತಿಂಗಳಿಗೊಮ್ಮೆ ಅವರ ಎದುರೇ ಮಾತ್ರೆ ನುಂಗಬೇಕಂತೆ. ತಿಂಗಳಿಗೊಮ್ಮೆ ಹೆಣಿಗೆ ಕಲಿಯಲು ತುಮಕೂರಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳು.

ಪತ್ರ ಸುಟ್ಟಿದ್ದೇನೆ. ಇದನ್ನು ನೀನು ಸುಡು.

ಜಮಾಲುನ್ನೀಸಾ


ಕುಣಿಗಲ್
3-7-1998

ಗುರುವಾರ ಹತ್ತು ಗಂಟೆಯ ಬಸ್ಸಿಗೆ ಬರುತ್ತೇನೆ. ಬಸ್‌ಸ್ಟ್ಯಾಂಡಿಗೆ ಬರಬೇಡಿ. ಮನೆ ನಾನೇ ಹುಡುಕುತ್ತೇನೆ.

ಶಶಿ


ಕುಣಿಗಲ್
13-7-1998

ಜಮಾಲಕ್ಕ,

ಸುರಕ್ಷಿತವಾಗಿ ತಲುಪಿದೆ. ಆ ದಿನ ನಿಮಗೆ ಸರಿಯಾಗಿ ಏನೂ ಹೇಳದೆ ಬಂದೆ. ಬಸ್ಸು ಸಿಗುವುದಿಲ್ಲವೆಂಬ ಗಾಬರಿ.

ಬುರ್ಖಾದೊಳಗೆ ಹೋದ ಮೇಲೆ ಮೊದಲ ಸಲ ನನ್ನ ಹೆದರಿಕೆ ಇಳಿಯಿತು. ಆಸ್ಪತ್ರೆಯ ಗೇಟಿನಲ್ಲಿ ನಮ್ಮ ಬೀದಿಯವರೊಬ್ಬರು ಎದುರಿಗೇ ಬಂದು ಗುರುತು ಹಿಡಿಯದೆ ಪಕ್ಕದಲ್ಲೇ ಹೋದರು, ನೀವು ಗಮನಿಸಿರಲಿಕ್ಕಿಲ್ಲ. ಆದರೆ ಸದಾಶಿವಯ್ಯನವರು "ಮಹಬೂಬ್‌ಬೀ, ಕೈ ತೋರಿಸಮ್ಮ" ಎಂದಾಗ ನಾನು ಸುಮ್ಮನೆ ಕೂತಿದ್ದೆ. ಯಾರನ್ನು ಕರೆದರೋ ಎಂದು ನೋಡುತ್ತಿದ್ದೆ. ಅವರಿಗೆ ಆಗಲೇ ಗೊತ್ತಾಯಿತೇ?

ಮಾರನೆಯ ದಿನದ ಒಂದು ಸಂಗತಿಯಿಂದ ಬಹಳ ಹೆದರಿದೆ. ಮೂತ್ರ ಕೆಂಪಗೆ ಹೋಯಿತು. ಮಾತ್ರೆಯಿಂದ ಹಾಗಾಗುತ್ತದೆಂದು ಅವರು ಹೇಳಿದ್ದು ನೆನಪಿತ್ತು. ಆದರೂ ನೀರು ಹಾಕಿ ಹಾಕಿ ತೊಳೆದೆ, ಅತ್ತೆ ನನ್ನ ಹಿಂದೆಯೇ ಹೋಗುವವರು.

ಮಾತ್ರೆಯ ಎಲೆಯನ್ನು ಅಕ್ಕಿ ಡಬ್ಬದ ತಳದಲ್ಲಿ ಇಟ್ಟಿದ್ದೇನೆ. ಬೆರಳಿನ ಮಾತ್ರೆಯನ್ನು ಶಾಲೆಯಲ್ಲಿ ನುಂಗುತ್ತೇನೆ. ಮೊಣಕೈಯ ನರ ಊದಿದೆ ಎಂದು ಅವರು ಒತ್ತಿ ತೋರಿಸಿದರಲ್ಲ, ಅಲ್ಲಿ ನೋವು ಕಡಿಮೆಯಾದಂತಿದೆ. ನನಗೆ ಹಾಗೆ ಅನ್ನಿಸುತ್ತಿದೆಯೋ ನಿಜವೋ ತಿಳಿಯದು.

ಮಕ್ಕಳಿದ್ದಾರೆಯೇ ಎಂದು ಅವರು ಕೇಳಿದರು. ನೀವು ನನಗಿಂತ ಮೊದಲೇ ಇಲ್ಲ ಎಂದಿರಿ. ತಂಗಿಗೆ ಮದುವೆಯಾಗಿಲ್ಲ ಎಂದಿರಿ. ನಾನು ತಲೆ ಆಡಿಸಿದೆ.

ಶಶಿ


ತುಮಕೂರು
24-8-1998

ಪ್ರೀತಿಯ ಶಶಿ,

ಈ ತಿಂಗಳು ನೀನು ಬಂದಾಗ ಮನೆಯಲ್ಲಿ ಜನ ಕಡಿಮೆ ಇದ್ದದ್ದಕ್ಕೆ ಕಾರಣ ಕೇಳಿದೆ. ಅರ್ಜೂ ತವರಿಗೆ ಹೋಗಿದ್ದಾಳೆ, ಬಸಿರಿ, ಸ್ವಲ್ಪ ವಿಶ್ರಾಂತಿ ಇರಲಿ ಎಂದು. ಸಂಜೆಯ ಕ್ಲಾಸಿಗೆ ಸದ್ಯ ರಜೆ ಕೊಟ್ಟಿದ್ದೇನೆ. ನನಗೂ ಕಣ್ಣು ನೋಯುತ್ತದೆ.

ಸದಾಶಿವಯ್ಯನವರು ನಿನ್ನ ಬೆರಳು ನೋಡಿ ಸಮಾಧಾನಪಟ್ಟರಲ್ಲ, ಅದೇ ನನಗೆ ದೊಡ್ಡದು. ದಿನಕ್ಕೆ ಮೂರು ಸಲ ಎಣ್ಣೆ ಹಚ್ಚಿ ಬಿಡಿಸಿ ಬಿಡಿಸಿ ಮಾಡು, ಮರೆಯಬೇಡ. ಮುಂದಿನ ತಿಂಗಳು ತಪ್ಪಿಸಬೇಡ.

ಇಲ್ಲಿ ಎಲ್ಲ ಸರಿಯಾಗಿದೆ.

ಜಮಾಲುನ್ನೀಸಾ


ಚೇಳೂರು
2-9-1998

ಶ್ರೀಮತಿ ಶಶಿರೇಖಾ ಅವರಿಗೆ,

ನಾನು ಅರ್ಜೂ, ಜಮಾಲುನ್ನೀಸಾ ಅವರ ಸೊಸೆ. ನಿಮ್ಮ ವಿಳಾಸ ಅತ್ತೆಯ ಪೆಟ್ಟಿಗೆಯಲ್ಲಿ ಅಳತೆಯ ಕಾಗದದ ಹಿಂದೆ ಸಿಕ್ಕಿತು. ನಾನು ಬರೆದದ್ದು ಅವರಿಗೆ ಗೊತ್ತಿಲ್ಲ. ತಿಳಿಸಬೇಡಿ.

ಜುಲೈ ಕೊನೆಯಲ್ಲಿ ಆಸ್ಪತ್ರೆಯ ಜೀಪು ನಮ್ಮ ಗಲ್ಲಿಗೆ ಬಂತು. ರೋಗಿಯ ಮನೆಯವರನ್ನೆಲ್ಲ ಪರೀಕ್ಷೆ ಮಾಡಬೇಕೆಂಬುದು ಅವರ ನಿಯಮ. ಅದು ಅತ್ತೆಗೆ ಗೊತ್ತಿರಲಿಲ್ಲ. ಸದಾಶಿವಯ್ಯ ಎನ್ನುವವರು ಹೊರಗೆ ನವೀದ್ ಅವರ ಅಂಗಿ ಬಿಚ್ಚಿಸಿ ಬೆನ್ನು ನೋಡಿದರು. ಒಳಗೆ ನರ್ಸಮ್ಮ ನನ್ನನ್ನು ನೋಡಿದರು. ನನಗೆ ಆಗ ಐದು ತಿಂಗಳು. ಅವರು ಮರ್ಯಾದೆಯಿಂದಲೇ ನಡೆದುಕೊಂಡರು, ಅವರನ್ನು ದೂರುವುದಿಲ್ಲ. ಆದರೆ ಜೀಪಿನ ಮೇಲೆ ಬರೆದದ್ದನ್ನು ಗಲ್ಲಿಯವರೆಲ್ಲ ಓದಿದರು. ಮಾರನೆಯ ದಿನದಿಂದ ಹೆಣಿಗೆಗೆ ಒಬ್ಬ ಹುಡುಗಿಯೂ ಬರಲಿಲ್ಲ. ಅತ್ತೆ ಹೆಣೆದುಕೊಟ್ಟಿದ್ದ ಮಗುವಿನ ಟೋಪಿಯನ್ನು ಪಕ್ಕದ ಮನೆಯವರು ಕಡ್ಡಿಯ ತುದಿಯಲ್ಲಿ ಎತ್ತಿ ತಂದು ನಮ್ಮ ಮೆಟ್ಟಿಲ ಮೇಲೆ ಹಾಕಿ ಹೋದರು. ನನ್ನ ಅಪ್ಪ ಬುಡನ್ ಸಾಬ್ ಬಂದು ನನ್ನನ್ನು ಕರೆದುಕೊಂಡು ಬಂದರು.

ನಾನು ಅತ್ತೆಗೆ, ನಿಜ ಹೇಳಿಬಿಡಿ, ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ ಎಂದು ಹೇಳಿ ಎಂದೆ. ಅವರು, "ಅವಳ ಮನೇಲಿ ಹೇಳೋಕೆ ಅವಳಿಗೆ ಯಾರೂ ಇಲ್ಲ ಕಣೇ. ನಂಗೆ ನೀವಿದೀರ" ಎಂದರು. ನನಗೆ ಬಹಳ ಕೋಪ ಬಂತು. ಈಗಲೂ ಇದೆ.

ಆದರೆ ಬರೆಯಲು ಕೂತದ್ದು ಅದಕ್ಕಲ್ಲ. ಬೆನ್ನು ತೋರಿಸಿದ ದಿನದಿಂದ ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ನಿಮ್ಮ ಜೊತೆ ಒಂದು ದಿನವೂ ವಾಸಿಸದ ನನ್ನನ್ನು ಅವರು ಪರೀಕ್ಷೆ ಮಾಡಿದರು. ನನ್ನ ಗಂಡನನ್ನು ಮಾಡಿದರು. ಅಳತೆಯ ಕಾಗದದಲ್ಲಿ ನಿಮ್ಮ ಕೈಯ ಸುತ್ತ ಗೆರೆ ಎಳೆದದ್ದು ನಿಮ್ಮ ಮಗಳಂತೆ. ದಿನಾ ನಿಮ್ಮ ಪಕ್ಕದಲ್ಲಿ ಮಲಗುವ ಆ ಮಗುವನ್ನು ಯಾರು ನೋಡಿದರು?

ಅವರ ಪುಸ್ತಕದಲ್ಲಿ ಆ ಮಗು ಇಲ್ಲವೇ ಇಲ್ಲ.

ಅರ್ಜೂ


ಕುಣಿಗಲ್
16-9-1998

ಜಮಾಲಕ್ಕ,

ಅರ್ಜೂ ನನಗೆ ಬರೆದಿದ್ದಾಳೆ. ಅವಳ ಮೇಲೆ ಸಿಟ್ಟಾಗಬೇಡಿ.

ಪತ್ರ ಓದಿದ ದಿನ ಸ್ವರ್ಣಳನ್ನು ಬಚ್ಚಲಿನಲ್ಲಿ ನಿಲ್ಲಿಸಿ ತಲೆಯಿಂದ ಕಾಲಿನವರೆಗೆ ನೋಡಿದೆ. ಎಡ ಭುಜದ ಹಿಂದೆ ಹುಣಸೆಬೀಜದಷ್ಟು ತಿಳಿಯಾದ ಒಂದು ಕಲೆ ಇದೆ. ಅದು ಮೊದಲಿನಿಂದ ಇತ್ತೋ ಈಗ ಬಂದದ್ದೋ ನನಗೆ ಗೊತ್ತಿಲ್ಲ. ಐದು ವರ್ಷ ಸ್ನಾನ ಮಾಡಿಸಿದ್ದೇನೆ, ಗೊತ್ತಿಲ್ಲ. ಕಡ್ಡಿ ಮುಟ್ಟಿಸಿ ನೋಡೋಣವೆಂದು ಕೈಗೆ ತೆಗೆದುಕೊಂಡೆ. ಮುಟ್ಟಿಸಲಿಲ್ಲ. ಹತ್ತು ದಿನದಿಂದ ಮುಟ್ಟಿಸಿಲ್ಲ.

ನಿನ್ನೆ ಇವರಿಗೆ ಹೇಳಿದೆ. ಡೇರಿಯಿಂದ ಬಂದು ಕಾಲು ತೊಳೆದು ಕೂತಿದ್ದರು. ಗವಸು ತೆಗೆದು ಕೈಯನ್ನು ಎದುರಿಗೆ ಇಟ್ಟೆ. ಎಲ್ಲ ಹೇಳಿದೆ, ಬುರ್ಖಾದ್ದೂ, ಸ್ವರ್ಣಳ ಕಲೆಯದ್ದೂ ಬಿಡಲಿಲ್ಲ. ಮಾತ್ರೆಯ ಎಲೆಗಳನ್ನು ತಂದು ತೋರಿಸಿದೆ. ಸದಾಶಿವಯ್ಯನವರು ಹೇಳಿದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಕೈಯನ್ನೇ ನೋಡಿದರು, ಮುಟ್ಟಲಿಲ್ಲ.

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ಜನವರಿಯಿಂದ."

"ಜನವರಿಯಿಂದ ಮಗೀನ ಪಕ್ಕ ಮಲಗಿಸ್ಕೊಂಡಿದೀಯ."

ಅವರು ಎದ್ದು ಸ್ವರ್ಣಳ ಹಾಸಿಗೆಯನ್ನು ತೆಗೆದು ಅತ್ತೆಯ ಕೋಣೆಗೆ ಹಾಕಿದರು. ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬೆಳಿಗ್ಗೆ ನನ್ನ ತಟ್ಟೆ ಲೋಟ ಬೇರೆ ಇತ್ತು. ಹೊರಗೆ ಹಾಕಿರಲಿಲ್ಲ, ಒಲೆಯ ಆಚೆ ಬದಿಗೆ ಇಟ್ಟಿದ್ದರು. ಬಡಿಸಿದರು. ನಾನು ತಿಂದೆ. ನನ್ನೊಂದಿಗೆ ಯಾರೂ ಮಾತನಾಡಲಿಲ್ಲ. ಸ್ವರ್ಣ ಮಾತ್ರ ನಡುವೆ ನಿಂತು, ನಾನು ಏನು ತಪ್ಪು ಮಾಡಿದೆ ಎಂದು ಕೇಳಿದಳು. ನನ್ನನ್ನು ಕೇಳಿದಳೋ ತನ್ನನ್ನು ಕೇಳಿಕೊಂಡಳೋ ತಿಳಿಯಲಿಲ್ಲ.

ಇವರು ಹೊರಡುವಾಗ ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ, "ಯಾವತ್ತು ತೋರಿಸ್ಬೇಕು ಮಗೀನ?" ಎಂದರು. ನಾಳೆ, ಗುರುವಾರ ಎಂದೆ. ಅವರು ಬರುತ್ತೇನೆ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನು ಇದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಮುಂದೆ ಏನಾಗುತ್ತದೋ ಗೊತ್ತಿಲ್ಲ. ಶಾಲೆಗೆ ಇನ್ನೂ ಹೇಳಿಲ್ಲ. ಹೇಳುವ ಮೊದಲೇ ತಿಳಿಯುತ್ತದೆ.

ನಾಳೆ ನಿಮ್ಮ ಮನೆಗೆ ಬರುವುದಿಲ್ಲ. ಬುರ್ಖಾ ಬೇಡ. ನೇರ ಆ ಬಾಗಿಲಿಗೆ ಹೋಗುತ್ತೇನೆ. ಅಲ್ಲಿ ಕೊಡಬೇಕಾದ ಅರ್ಜಿಯನ್ನು ಬರೆದಿದ್ದೇನೆ. ಅದರ ನಕಲನ್ನು ಇದರೊಂದಿಗೆ ಇಟ್ಟಿದ್ದೇನೆ. ನಿಮ್ಮ ಗಲ್ಲಿಯಲ್ಲಿ ಯಾರಿಗೆ ತೋರಿಸಬೇಕೆನಿಸಿದರೂ ತೋರಿಸಿ. ಓದಲು ಬಾರದವರಿಗೆ ಅರ್ಜೂ ಓದಿ ಹೇಳಲಿ.

ನಿಮ್ಮ ಶಶಿ


(ನಕಲು)

ತುಮಕೂರು
17-9-1998

ಗೆ,
ವೈದ್ಯಾಧಿಕಾರಿಗಳು,
ಕುಷ್ಠರೋಗ ವಿಭಾಗ, ತುಮಕೂರು.

ಮಾನ್ಯರೇ,

ವಿಷಯ: ನೋಂದಣಿಯಲ್ಲಿ ಹೆಸರು ಮತ್ತು ವಿಳಾಸ ತಿದ್ದುವ ಬಗ್ಗೆ.

ತಮ್ಮ ವಿಭಾಗದಲ್ಲಿ ಕಳೆದ ಜುಲೈ ತಿಂಗಳಿನಿಂದ ಮಹಬೂಬ್‌ಬೀ ಎಂಬ ಹೆಸರಿನಲ್ಲಿ ಚಿಕಿತ್ಸೆ ಪಡೆಯುತ್ತಿರುವವಳು ನಾನು. ಆ ಹೆಸರು ನನ್ನದಲ್ಲ. ಅಲ್ಲಿ ಬರೆಸಿರುವ ವಿಳಾಸವೂ ನನ್ನದಲ್ಲ. ಆ ಮನೆಯ ಶ್ರೀಮತಿ ಜಮಾಲುನ್ನೀಸಾ, ಅವರ ಮಗ ಮತ್ತು ಸೊಸೆ ನನ್ನ ಸಂಬಂಧಿಕರಲ್ಲ, ನನ್ನೊಂದಿಗೆ ವಾಸಿಸಿದವರೂ ಅಲ್ಲ. ಆ ಮನೆಯಲ್ಲಿ ಯಾರಿಗೂ ಈ ರೋಗವಿಲ್ಲ. ಅವರ ಹೆಸರುಗಳನ್ನು ತಮ್ಮ ಪುಸ್ತಕದಿಂದ ತೆಗೆದುಹಾಕಿ, ಹಾಗೆ ತೆಗೆದಿರುವುದಾಗಿ ತಮ್ಮ ಸಿಬ್ಬಂದಿಯವರು ಅದೇ ಜೀಪಿನಲ್ಲಿ ಅದೇ ಗಲ್ಲಿಗೆ ಹೋಗಿ ತಿಳಿಸಬೇಕೆಂದು ಕೋರುತ್ತೇನೆ.

ಕುಷ್ಠರೋಗ ಇರುವುದು ನನಗೆ. ನನ್ನ ಸರಿಯಾದ ಹೆಸರು ಮತ್ತು ವಿಳಾಸ ಕೆಳಗಿದೆ. ನನ್ನೊಂದಿಗೆ ವಾಸಿಸುವವರು: ಪತಿ ಹನುಮಂತರಾಜು, 36 ವರ್ಷ. ಅತ್ತೆ ನಿಂಗಮ್ಮ, 61 ವರ್ಷ. ಮಗಳು ಸ್ವರ್ಣಲತಾ, 5 ವರ್ಷ.

ಮಗಳ ಎಡ ಭುಜದ ಹಿಂದೆ ಒಂದು ಕಲೆ ಇದೆ. ಅದರಲ್ಲಿ ಸ್ಪರ್ಶ ತಿಳಿಯುತ್ತದೆಯೇ ಇಲ್ಲವೇ ಎಂದು ಪರೀಕ್ಷಿಸಲು ನನ್ನಿಂದ ಆಗಿಲ್ಲ. ತಾವು ಪರೀಕ್ಷಿಸಬೇಕೆಂದು ಬೇಡಿಕೊಳ್ಳುತ್ತೇನೆ.

ನಾನು ಮತ್ತು ಮಗಳು ಹೊರಗಿನ ಬೆಂಚಿನ ಮೇಲೆ ಕೂತಿದ್ದೇವೆ. ನನ್ನ ಹೆಸರು ಹಿಡಿದು ಕೂಗಿದರೆ ಒಳಗೆ ಬರುತ್ತೇವೆ.

ತಮ್ಮ ವಿಧೇಯಳು,
ಶಶಿರೇಖಾ ಹನುಮಂತರಾಜು
ಹಾಲಿನ ಡೇರಿ ಹಿಂಭಾಗ, ಕುಣಿಗಲ್